ಗೊಂಬೆ ಬಂತು, ಟ್ರೇನರ್ ಬರಲಿಲ್ಲ

ಇದನ್ನು ಬರೆಯುವಾಗ ನನ್ನ ಎದುರಿನ ಕುರ್ಚಿಯಲ್ಲಿ ಒಬ್ಬಳು ಕೂತಿದ್ದಾಳೆ. ಸೊಂಟದ ಕೆಳಗೆ ಏನೂ ಇಲ್ಲ. ಕೈಗಳೂ ಇಲ್ಲ. ಬಾಯಿ ಮಾತ್ರ ಸದಾ ಅರ್ಧ ತೆರೆದಿದೆ, ಏನೋ ಹೇಳೋಕೆ ಹೊರಟು ಮರೆತವಳ ಹಾಗೆ. ಶನಿವಾರದಿಂದ ನಮ್ಮನೆಯಲ್ಲೇ ಠಿಕಾಣಿ. ಇನ್ನೂ ನಾಲ್ಕು ದಿನ ಇರ್ತಾಳೆ. ಯಾರು ಕರೆಸಿದ್ದು ಅಂತ ಕೇಳಬೇಡಿ, ಭವನದ ಬೋರ್ಡಿನ ಮೇಲೆ ‘ಉಚಿತ ಪ್ರಥಮ ಚಿಕಿತ್ಸೆ ತರಬೇತಿ, ಎಲ್ಲರಿಗೂ ಸ್ವಾಗತ’ ಅಂತ ದೊಡ್ಡದಾಗಿ ಬರೆದವಳು ನಾನೇ.

ಪುಟ್ಟ ದ್ವೀಪದಲ್ಲಿ ಪುಕ್ಕಟೆ ತರಗತಿ ಅಂದರೆ ಹೇಗಿರುತ್ತೆ ಅಂತ ನಿಮಗೇನೂ ಹೇಳಬೇಕಾಗಿಲ್ಲ. ಇರುವುದು ಒಂದು ಭವನ. ಕುರ್ಚಿಗಳು ಅವೇ, ಜನರೂ ಅವರೇ. ಸೋಮವಾರ ಯೋಗಕ್ಕೆ ಬಂದವರೇ ಬುಧವಾರ ಹೊಲಿಗೆಗೆ ಬರ್ತಾರೆ, ಹೊಲಿಗೆಗೆ ಬಂದವರೇ ಶುಕ್ರವಾರ ಮೊಬೈಲ್ ಬಳಸೋದು ಕಲಿಯೋಕೆ ಬರ್ತಾರೆ. ಮೊಬೈಲ್ ತರಗತಿಗೆ ಅರ್ಧ ಜನ ಮೊಬೈಲನ್ನೇ ಮನೇಲಿ ಬಿಟ್ಟು ಬಂದಿದ್ದರು. ‘ಒದ್ದೆಯಾದರೆ ಕಷ್ಟ ಅಲ್ವಾ’ ಅಂದರು. ನಾನು ಇದಕ್ಕೆಲ್ಲ ಕಾರ್ಯದರ್ಶಿ ಆಗಿದ್ದು ಹೇಗೆ ಅಂದರೆ, ಒಂದು ಸಭೆಯಲ್ಲಿ ಯಾರು ಮುಂದೆ ಬರ್ತೀರಿ ಅಂತ ಕೇಳುವ ಹೊತ್ತಿಗೇ ಫ್ಯಾನ್ ಸ್ವಿಚ್ ಹಾಕೋಣ ಅಂತ ಎದ್ದು ನಿಂತುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫ್ಯಾನ್ ಇವತ್ತಿಗೂ ತಿರುಗ್ತಿಲ್ಲ.

ಸರಿ, ಶನಿವಾರದ ಕಥೆ. ಟ್ರೇನರ್ ಆಚೆ ದಡದಿಂದ ಬರಬೇಕು. ನಮ್ಮ ಲಾಂಚು ಉಬ್ಬರದ ನೀರಿದ್ದಾಗ ಮಾತ್ರ ಓಡುತ್ತೆ, ಇಳಿತಕ್ಕೆ ಜೆಟ್ಟಿಯ ಸುತ್ತ ಬರೀ ಕೆಸರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಚಂದ್ರನೂ ದಿನದಿನ ಮುಂದಕ್ಕೆ ಹೋಗ್ತಾನಲ್ಲ, ಅದಕ್ಕೆ. ಇಲ್ಲಿ ಮಗುವಿಗೂ ಗೊತ್ತಿರೋ ವಿಷಯ. ಆಚೆಯವರಿಗೆ ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗಲ್ಲ, ಬಸ್ಸಿನ ಹಾಗೆ ದಿನಾ ಒಂದೇ ಟೈಮು ಅಂದುಕೊಳ್ತಾರೆ. ಈ ಮಹಾಶಯರು ವೇಳಾಪಟ್ಟಿ ನೋಡಿದ್ದರು, ಇಲ್ಲ ಅನ್ನಲ್ಲ. ಆದರೆ ಶನಿವಾರದ ಸಾಲಿನ ಬದಲು ಸೋಮವಾರದ ಸಾಲು ನೋಡಿದ್ದರು. ಎರಡು ದಿನಕ್ಕೆ ಒಂದು ಗಂಟೆ ನಲವತ್ತು ನಿಮಿಷದ ವ್ಯತ್ಯಾಸ. ಮಧ್ಯಾಹ್ನ ಎರಡರ ಕೊನೇ ಲಾಂಚಿಗೆ ಅವರು ಮೂರು ಗಂಟೆಗೆ ಆರಾಮಾಗಿ ಬಂದು, ಕೆಸರು ನೋಡಿ, ನನಗೆ ಫೋನ್ ಮಾಡಿ, ‘ಮೇಡಂ, ಇಲ್ಲಿ ನೀರೇ ಇಲ್ವಲ್ಲ’ ಅಂದರು. ಅದನ್ನು ನಾನೇ ಕುಡಿದು ಮುಗಿಸಿದ ಹಾಗಿತ್ತು ಅವರ ದನಿ.

ಆದರೆ ಗೊಂಬೆ ಬಂದಿತ್ತು. ಸಾಮಾನು ಮೊದಲೇ ಹೋಗಿರಲಿ ಅಂತ ಅದನ್ನು ಬೆಳಗಿನ ಮೊದಲ ಲಾಂಚಿಗೇ ಹಾಕಿ ಕಳಿಸಿದ್ದರು. ಪೆಟ್ಟಿಗೆ ದಾರಿಯಲ್ಲೇ ಒದ್ದೆಯಾಗಿ ಹರಿದುಹೋಗಿತ್ತು. ಲಾಂಚಿನ ಹುಡುಗ ಪಾಪ, ಉರುಳಿ ನೀರಿಗೆ ಬೀಳದಿರಲಿ ಅಂತ ಅದನ್ನು ಕಿಟಕಿ ಪಕ್ಕದ ಸೀಟಿಗೆ ಹಗ್ಗದಿಂದ ಕಟ್ಟಿ, ಮುಖಕ್ಕೆ ಬಿಸಿಲು ಬೀಳುತ್ತೆ ಅಂತ ತಲೆಗೊಂದು ಟವೆಲ್ ಬೇರೆ ಹೊದಿಸಿದ್ದ. ‘ಅಕ್ಕಾ, ನಿಮ್ಮ ಕಡೆಯವರು’ ಅಂತ ನನ್ನ ಕೈಗೆ ಕೊಟ್ಟ.

ಜೆಟ್ಟಿಯಿಂದ ಭವನಕ್ಕೆ ನಡೆದರೆ ಹತ್ತು ನಿಮಿಷ. ಆ ದಿನ ಮುಕ್ಕಾಲು ಗಂಟೆ ಹಿಡಿಯಿತು. ಅರ್ಧ ಹೆಂಗಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವವಳನ್ನು ಯಾರು ಸುಮ್ನೆ ಬಿಡ್ತಾರೆ ಹೇಳಿ. ಒಬ್ಬರು ‘ಅಯ್ಯೋ, ಯಾರಿಗೇನಾಯ್ತು?’ ಅಂತ ಓಡಿ ಬಂದರು. ಇನ್ನೊಬ್ಬರು ‘ಉಳಿದ ಅರ್ಧ ಮುಂದಿನ ಲಾಂಚಿಗೆ ಬರುತ್ತಾ?’ ಅಂದರು. ನಾಯಿಗಳು ಜೆಟ್ಟಿಯಿಂದ ಹಿಂದೆ ಬಿದ್ದು ಭವನದ ಬಾಗಿಲವರೆಗೂ ಬೊಗಳಿದವು. ಬಾಗಿಲಲ್ಲಿ ಸಿಕ್ಕ ಅಜ್ಜಿ ಅದರ ಗಲ್ಲ ಮುಟ್ಟಿ, ‘ಲಕ್ಷಣವಾಗಿದ್ದಾಳೆ’ ಅಂದರು. ನಿಜಕ್ಕೂ ಇಂಥ ಗೊಂಬೆಗಳ ಮೂಲಕ್ಕೆ ಒಂದು ಮುಖದ ಕಥೆಯೇ ಇದೆ. 19ನೇ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತ ಹೆಸರು ತಿಳಿಯದ ಹುಡುಗಿಯೊಬ್ಬಳ ಮುಖದಚ್ಚು ಅದು ಅಂತಾರೆ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ 1960ರಲ್ಲಿ ತನ್ನ ತರಬೇತಿ ಗೊಂಬೆಗೆ ಆ ಮುಖವನ್ನೇ ಕೊಟ್ಟ. ನೀರಿನಲ್ಲಿ ಹೋದವಳು ನೀರಿನ ನಡುವೆ ಇರುವ ನಮ್ಮಂಥವರಿಗೆ ಉಸಿರು ಕೊಡೋದು ಕಲಿಸೋಕೆ ಬರ್ತಾಳೆ ಅಂದರೆ ಒಂಥರಾ ಅನ್ನಿಸುತ್ತೆ. ಅಜ್ಜಿಗೆ ಇದನ್ನೆಲ್ಲ ಹೇಳಲಿಲ್ಲ.

ನಾಲ್ಕು ಗಂಟೆಗೆ ಹನ್ನೆರಡು ಜನ ಬಂದು ಕೂತರು. ಹೆಸರು ಕೊಟ್ಟವರು 43 ಜನ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋದು ಗಾದೆ ಅಂದುಕೊಂಡಿದ್ದೆ, ಪಟ್ಟಿ ನೋಡಿದರೆ ಒಬ್ಬರು ನಿಜವಾಗಿಯೂ ಅವರಪ್ಪನ ಹೆಸರು ಬರೆಸಿದ್ದರು. ಅವರಪ್ಪ ಆಚೆ ದಡದಲ್ಲಿರೋದು.

ಟ್ರೇನರ್ ಇಲ್ಲ ಅಂದೆ. ಕಾರ್ಯಕ್ರಮ ರದ್ದು ಅನ್ನೋಕೆ ಬಾಯಿ ತೆರೆದಿದ್ದೆ ಅಷ್ಟೆ, ಮೊದಲ ಸಾಲಿನಿಂದ ಮೇಷ್ಟ್ರು ಎದ್ದರು. ನಮ್ಮ ಮೇಷ್ಟ್ರು ನಿವೃತ್ತರಾಗಿ ಎಷ್ಟೋ ವರ್ಷವಾಯ್ತು. ಯಾವ ತರಗತಿಯನ್ನೂ ತಪ್ಪಿಸಿದವರಲ್ಲ, ಹೆರಿಗೆ ನಂತರದ ಆರೈಕೆಯ ತರಗತಿಗೂ ಬಂದು ನೋಟ್ಸ್ ಬರೆದುಕೊಂಡವರು. ‘ನಾನಿದನ್ನು ಮೂರು ಸಲ ಕಲಿತಿದ್ದೇನೆ. ರಿಜಿಸ್ಟರ್ ಕೊಡಮ್ಮ’ ಅಂದರು.

ಕೊಟ್ಟೆ. ಕೊಡಬಾರದಿತ್ತು.

ಒಂದನೇ ಹೆಸರು ಕೂಗಿದರು. ‘ಬಂದಿದ್ದೀನಿ ಸಾರ್.’ ಎರಡನೇ ಹೆಸರು. ಉತ್ತರವಿಲ್ಲ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ‘ಯಾಕೆ ಬಂದಿಲ್ಲ?’ ಪಕ್ಕದ ಮನೆಯಾಕೆ ಎದ್ದು ನಿಂತು, ‘ಸಾರ್, ಅವರಿಗೆ ನಿನ್ನೆಯಿಂದ ಸೊಂಟ ನೋವು’ ಅಂದರು. ‘ಮೊನ್ನೆ ಬಲೆ ಎಳೀತಿದ್ದನ್ನು ನಾನು ನೋಡಿದ್ದೇನೆ’ ಅಂದರು ಮೇಷ್ಟ್ರು. ‘ಅದಕ್ಕೇ ಸಾರ್ ನೋವು.’ ಹಿಂದಿನಿಂದ ಇನ್ನೊಬ್ಬರು, ಬಲೆ ಎಳೆದದ್ದು ಅವರಲ್ಲ, ಅವರ ತಮ್ಮ ಅಂದರು. ಅಣ್ಣನೋ ತಮ್ಮನೋ ಅಂತ ತೀರ್ಮಾನ ಆಗೋಕೆ ಐದು ನಿಮಿಷ. ಹೀಗೆ 43 ಹೆಸರು. ಬಾರದವರು ಒಬ್ಬೊಬ್ಬರಿಗೂ ವಿಚಾರಣೆ, ಸಾಕ್ಷಿ, ತೀರ್ಪು. ಹದಿನೆಂಟನೇ ಹೆಸರಿನವರು ಕಿಟಕಿಯ ಹೊರಗೇ ಸೈಕಲ್ ತಳ್ಳಿಕೊಂಡು ಹೋಗ್ತಿದ್ದರು, ಮೇಷ್ಟ್ರು ಕರೆದು ನಿಲ್ಲಿಸಿ, ಅಲ್ಲಿಂದಲೇ ‘ಬಂದಿಲ್ಲ ಸಾರ್’ ಅಂತ ಅವರ ಬಾಯಲ್ಲೇ ಹೇಳಿಸಿದರು. ನನಗೆ ಒಳಗೊಳಗೇ ಕುದೀತಾ ಇತ್ತು. ಬಾರದ ಮೂವತ್ತೊಂದು ಜನರ ಮೇಲಿನ ಸಿಟ್ಟನ್ನು ಬಂದ ಹನ್ನೆರಡು ಜನ ಕೂತು ಅನುಭವಿಸೋದು ಯಾವ ನ್ಯಾಯ? ಐದು ಗಂಟೆ ಹೊತ್ತಿಗೆ ಅದು ಹತ್ತು ಜನಕ್ಕೆ ಇಳಿದಿತ್ತು. ಒಬ್ಬರು ಮೊದಲು ಹಾಜರಿ ಹೇಳಿ, ಆಮೇಲೆ ಎದ್ದು ಹೋಗಿದ್ದರು. ಅವರು ಮೇಷ್ಟ್ರ ಹಳೇ ವಿದ್ಯಾರ್ಥಿಯೇ ಇರಬೇಕು.

ಆಮೇಲೆ ಪಾಠ, ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡೋದು. ಇದನ್ನು ಒಪ್ಪಲೇಬೇಕು, ಮೇಷ್ಟ್ರು ಹೇಳಿದ್ದೆಲ್ಲ ಸರಿಯಾಗಿತ್ತು. ಎದೆಯ ನಡುವೆ ಅಂಗೈಯ ಬುಡ ಇಡಬೇಕು. ದೊಡ್ಡವರಾದರೆ ಎದೆ ಐದರಿಂದ ಆರು ಸೆಂಟಿಮೀಟರ್ ಒಳಗೆ ಹೋಗಬೇಕು. ನಿಮಿಷಕ್ಕೆ 100ರಿಂದ 120 ಸಲ. 30 ಸಲ ಒತ್ತಿ, ಎರಡು ಸಲ ಉಸಿರು. ಮುಖ್ಯವಾಗಿ, ಮಧ್ಯೆ ನಿಲ್ಲಿಸಬಾರದು. ‘ಏನೇ ಆದರೂ ನಿಲ್ಲಿಸಬಾರದು’ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದರು. ನಂತರ ಮಂಡಿಯೂರಿ ಶುರು ಮಾಡಿದರು. ಒಂದು, ಎರಡು, ಮೂರು. ಗೊಂಬೆಯೊಳಗೆ ಟಕ್ ಟಕ್ ಅಂತ ಸದ್ದು. ಹದಿನೈದು, ಹದಿನಾರು, ಹದಿನೇಳು.

‘ಯಾರದು ಹಿಂದಿನ ಸಾಲಲ್ಲಿ ಮಾತು?’

ಎದ್ದರು. ಬೈದರು. ಮತ್ತೆ ಮಂಡಿಯೂರಿ ಒಂದರಿಂದ ಶುರು ಮಾಡಿದರು. ಎರಡನೇ ಸಲ ಹನ್ನೊಂದಕ್ಕೆ ಯಾರೋ ಆಕಳಿಸಿದರು. ಮೂರನೇ ಸಲ ಇಪ್ಪತ್ತೆರಡರವರೆಗೂ ಬಂದಿತ್ತು, ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು, ಆಗ ನನ್ನ ಫೋನೇ ರಿಂಗಾಯ್ತು. ಟ್ರೇನರ್. ‘ಮೇಡಂ, ಗೊಂಬೆ ಸುರಕ್ಷಿತವಾಗಿದೆಯಾ?’ ಅಂತ. ಅಷ್ಟು ಹೊತ್ತಿಗೆ ಅದು ನಮ್ಮ ಕೈಯಲ್ಲಿ ಮೂರು ಸಲ ಸತ್ತಿತ್ತು.

ಉಸಿರು ಕೊಡುವ ಸರದಿ ಬಂದಾಗ ಯಾರೂ ಮುಂದೆ ಬರಲಿಲ್ಲ. ಸ್ಪಿರಿಟ್ ಹಾಕಿ ಒರೆಸಿ ತೋರಿಸಿದೆ. ಆದರೂ ಒಬ್ಬಾಕೆ ಬಂದು, ಬಗ್ಗಿ, ಮತ್ತೆ ಎದ್ದು ಸೆರಗು ಸರಿಮಾಡಿಕೊಂಡು, ‘ಪರಿಚಯ ಇಲ್ಲದವರಲ್ವಾ’ ಅಂದರು. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಅವರ ಗಂಡ ಕೇಳಿದರು, ‘ಇದನ್ನೆಲ್ಲ ಎಷ್ಟು ಹೊತ್ತು ಮಾಡಬೇಕು ಸಾರ್?’

ಮೇಷ್ಟ್ರು ಲೆಕ್ಕ ಬರೆದರು. ಹೃದಯ ನಿಂತ ಮೇಲೆ ಯಾರೂ ಏನೂ ಮಾಡದಿದ್ದರೆ, ಬದುಕುವ ಸಾಧ್ಯತೆ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕಡಿಮೆ ಆಗುತ್ತಾ ಹೋಗುತ್ತೆ. ಆಚೆ ದಡಕ್ಕೆ ಲಾಂಚು ನಲವತ್ತು ನಿಮಿಷ, ಅದೂ ನೀರಿದ್ದರೆ. ಭಾಗಾಕಾರ ಮಾಡೋ ಅಗತ್ಯ ಬೀಳಲಿಲ್ಲ. ಹತ್ತೂ ಜನ ಆ ಎರಡು ಅಂಕಿಗಳನ್ನೇ ನೋಡ್ತಾ ಕೂತರು. ಆಮೇಲೆ ಆ ಹೆಂಗಸೇ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೊಂಬೆಯ ಬಾಯಿಗೆ ಬಾಯಿ ಇಟ್ಟು ಎರಡು ಸಲ ಊದಿದರು. ಎದೆ ಮೇಲೆದ್ದಿತು.

ಈ ಭವನ ಮೊದಲು ಮೇಷ್ಟ್ರ ಶಾಲೆಯಾಗಿತ್ತು ಅನ್ನೋದನ್ನು ಹೇಳಲಿಲ್ಲ ಅಲ್ವಾ. ಮಕ್ಕಳು ಕಡಿಮೆಯಾಗಿ ಮುಚ್ಚಿದರು. ನನ್ನ ರಿಜಿಸ್ಟರೂ ಆಗ ಉಳಿದದ್ದೇ, ಅದರ ಮೊದಲ ಹಾಳೆಗಳಲ್ಲಿ ಈಗ ಇಲ್ಲಿಲ್ಲದವರ ಹೆಸರುಗಳಿವೆ, ಮೇಷ್ಟ್ರ ಅಕ್ಷರದಲ್ಲಿ. ಶನಿವಾರ ಕೊನೆಗೆ ಪುಸ್ತಕ ವಾಪಸ್ ಕೊಡುವ ಮುಂಚೆ ಆ ಹಾಳೆಗಳನ್ನು ತಿರುವಿ ನೋಡ್ತಾ ಇದ್ದರು. ನಾನು ಕುರ್ಚಿ ಜೋಡಿಸ್ತಾ ಸುಮ್ನಿದ್ದೆ. ಸಿಟ್ಟೇನೂ ಇಳಿದಿರಲಿಲ್ಲ, ಹೊತ್ತು ಏಳಾಗಿತ್ತು.

ಟ್ರೇನರ್ ಇನ್ನು ಬರೋದು ಮುಂದಿನ ಶನಿವಾರವಂತೆ, ಅಲ್ಲಿವರೆಗೆ ಗೊಂಬೆ ಅಲ್ಲೇ ಇರಲಿ ಅಂದರು. ಆ ದಿನ ನೀರು ಬೆಳಗ್ಗೆ ಆರಕ್ಕೇ ತುಂಬುತ್ತೆ, ಹಾಗಾಗಿ ತರಗತಿ ಏಳಕ್ಕೆ. ಬೋರ್ಡಿನಲ್ಲಿ ಬರೆದ ಅರ್ಧ ಗಂಟೆಗೇ ‘ಅಷ್ಟು ಬೇಗ ಯಾರು ಬರ್ತಾರೆ’ ಅಂತ ಆರು ಜನ ಕೇಳಿದರು. ಅವರೂ ಹೆಸರು ಕೊಟ್ಟಿದ್ದಾರೆ.

ಮನೆಯಲ್ಲಿ ಅತ್ತೆ ಮೊದಲ ರಾತ್ರಿ ಗೊಂಬೆ ನೋಡಿ ಕಿರುಚಿದರು, ಎರಡನೇ ರಾತ್ರಿ ಗಾಳಿ ಜಾಸ್ತಿ ಇದೆ ಅಂತ ಅದಕ್ಕೆ ಶಾಲು ಹೊದಿಸಿದರು. ನಿನ್ನೆ ಸಂಜೆ ಮೇಷ್ಟ್ರು ಬಂದರು. ‘ಅಭ್ಯಾಸ ತಪ್ಪಬಾರದು’ ಅಂತ ಹೇಳಿ ಗೊಂಬೆಯನ್ನು ನೆಲಕ್ಕೆ ಮಲಗಿಸಿ, ಒಂದರಿಂದ ಮೂವತ್ತರವರೆಗೆ ಒಂದೇ ಸಮನೆ ಒತ್ತಿ ಮುಗಿಸಿದರು. ಮುಗಿಸಿ ತಲೆ ಎತ್ತಿ ಕೋಣೆಯ ಹಿಂಭಾಗದ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು ರಿಜಿಸ್ಟರ್ ಕೇಳಿದರು. 44ನೇ ಸಾಲಿನಲ್ಲಿ ‘ಗೊಂಬೆ’ ಅಂತ ಬರೆದು, ಶನಿವಾರದ ಮನೆಗೆ ಒಂದು ಟಿಕ್ ಹಾಕಿದರು. ‘ಹೊತ್ತಿಗೆ ಮುಂಚೆ ಬಂದವಳು ಇವಳೊಬ್ಬಳೇ ಕಣಮ್ಮ’ ಅಂದರು.