ಸೀಮೆಸುಣ್ಣಕ್ಕೂ ಶೀತ

ಕೊಡಗಿನ ಸಣ್ಣ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಜುಲೈ ತಿಂಗಳ ಮೊದಲ ಪಾಠ ಕನ್ನಡವೂ ಅಲ್ಲ, ಗಣಿತವೂ ಅಲ್ಲ, ಒಣಗಿಸುವುದು. ಸೀಮೆಸುಣ್ಣದ ಪೆಟ್ಟಿಗೆ ಬೆಳಿಗ್ಗೆಯೇ ಅಡುಗೆ ಕೋಣೆಗೆ ಹೋಗಿ ಒಲೆಯ ಪಕ್ಕ ಕೂತುಬಿಡುತ್ತದೆ. ಥಂಡಿ ಕುಡಿದ ಸೀಮೆಸುಣ್ಣ ಬೋರ್ಡಿನ ಮೇಲೆ ಜಾರುತ್ತದೆ, ಒತ್ತಿದರೆ ಪಟ್ಟನೆ ಮುರಿಯುತ್ತದೆ. ಬೋರ್ಡೂ ಬೆವರಿದ್ದರೆ ಇನ್ನೊಂದು ತಮಾಷೆ: ಬರೆಯುವಾಗ ಕಾಣದ ಲೆಕ್ಕ, ಆರಿದ ಮೇಲೆ ಬೆಳ್ಳಗೆ ಎದ್ದು ನಿಲ್ಲುತ್ತದೆ, ಒರೆಸಿದರೂ ಹೋಗುವುದಿಲ್ಲ. ನಿನ್ನೆಯ ಭಾಗಾಕಾರದ ಮೇಲೆಯೇ ಇವತ್ತಿನ ಭಿನ್ನರಾಶಿ!

ಜಗಲಿಯಲ್ಲಿ ಕೊಡೆಗಳ ಸಾಲು. ಎಲ್ಲವೂ ಕಪ್ಪು. ಹಿಡಿಗೆ ಕೆಂಪು ದಾರ ಸುತ್ತಿದ್ದು ಒಂದು, ಉಗುರುಬಣ್ಣ ಬಳಿದದ್ದು ಇನ್ನೊಂದು. ಆದರೂ ಸಂಜೆ ನಾಲ್ಕಕ್ಕೆ "ಟೀಚರ್, ಅದು ನಂದು" ತಪ್ಪಿದ್ದಲ್ಲ. ಬಿಡಿಸಿ ಒಣಗಿಸೋಣವೆಂದರೆ ಜಾಗವಿಲ್ಲ, ಗಾಳಿ ಬೇರೆ. ಹಾಗಾಗಿ ಮಡಚಿ, ಹಿಡಿ ಮೇಲಾಗಿ ಗೋಡೆಗೆ ಒರಗಿಸುತ್ತಾರೆ. ಒಳಗಿನ ನೀರೆಲ್ಲ ಕಡ್ಡಿಗಳು ಸೇರುವ ತುದಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಅಲ್ಲಿಂದಲೇ ತುಕ್ಕು, ಆಗಸ್ಟ್ ಹೊತ್ತಿಗೆ ಒಂದು ಕಡ್ಡಿ ಕೈಕೊಡುತ್ತದೆ. ಹಿಡಿ ಕೆಳಗೆ ಮಾಡಿ ನಿಲ್ಲಿಸಿದರೆ ನೀರು ಅಂಚಿನಿಂದ ಸೋರಿ ಹೋಗುತ್ತದೆ. ಆದರೆ ಒದ್ದೆ ಹಿಡಿಯನ್ನು ಯಾರು ಹಿಡಿಯುತ್ತಾರೆ?

ಅಡುಗೆ ಕೋಣೆಯ ಅಕ್ಕಂದಿರ ಕಷ್ಟ ಹಾಲಿನ ಪುಡಿಯದು. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನ ಲೆಕ್ಕ, ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. ನೂರು ಮಕ್ಕಳಿದ್ದರೆ 1.8 ಕಿಲೋ ಪುಡಿ. ಚೀಲದ ಬಾಯಿ ಒಂದು ರಾತ್ರಿ ತೆರೆದಿದ್ದರೆ ಸಾಕು, ಬೆಳಿಗ್ಗೆ ಪುಡಿಯಲ್ಲ, ಹೆಂಟೆ. ಅದನ್ನು ನೇರ ಕುದಿಯುವ ನೀರಿಗೆ ಸುರಿದರೆ ಗಂಟು ಗಂಟಾಗಿ ತೇಲುತ್ತದೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಿಸಿನೀರಿಗೆ ಬಿಡಬೇಕು. ಅಕ್ಕಿ ಮೂಟೆಯನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು ಇಡುತ್ತಾರೆ. ತಾಗಿದ ಕಡೆ ಬೂಷ್ಟು ಗ್ಯಾರಂಟಿ.

ಹಂಚಿನ ಮಾಡು ಸೋರುವುದು ಮಳೆಗಾಲದಲ್ಲಿ, ಸರಿಮಾಡಬೇಕಾದದ್ದು ಏಪ್ರಿಲ್‌ನಲ್ಲಿ. ಜುಲೈಯಲ್ಲಿ ಪಾಚಿಗಟ್ಟಿದ ಮಾಡು ಹತ್ತಿದರೆ ಒಂದು ಹಂಚು ಸರಿಮಾಡಲು ಹೋಗಿ ಎರಡು ಒಡೆಯುತ್ತವೆ. ಅದಕ್ಕೇ ಬಕೆಟ್ ಇಟ್ಟು ಬೆಂಚನ್ನೇ ಸರಿಸುತ್ತಾರೆ. ತಗಡಿನ ಮಾಡಾದರೆ ಸೋರುವುದು ಕಡಿಮೆ, ಆದರೆ ಮಳೆ ಜೋರಾದಾಗ ಟೀಚರ ಬಾಯಿ ಆಡುವುದಷ್ಟೇ ಕಾಣುತ್ತದೆ. ಆಗ ಕಾಪಿ ಬರೆಯುವುದೇ ಪಾಠ.

ಮಳೆ ಮಿತಿಮೀರಿದರೆ ಜಿಲ್ಲಾಧಿಕಾರಿಗಳ ರಜೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ಮಕ್ಕಳಿಗೆ ಇನ್ನೂ ಖುಷಿ, ಆದರೆ ರಜೆ ಸಾಲವಿದ್ದ ಹಾಗೆ. ಮಳೆ ಬಿಟ್ಟ ಮೇಲೆ ಶನಿವಾರಗಳಲ್ಲಿ ಮಧ್ಯಾಹ್ನವೂ ಕೂತು ತೀರಿಸಬೇಕು. ಮೈದಾನ ಒಣಗಿರುತ್ತದೆ, ಸೀಮೆಸುಣ್ಣ ಚೆಂದ ಬರೆಯುತ್ತದೆ, ಬೋರ್ಡಿನ ಮೇಲೆ ಅಕ್ಷರ ಸ್ಪಷ್ಟ. ನೋಡುವವರೇ ಇಲ್ಲ, ಕಣ್ಣೆಲ್ಲ ಕಿಟಕಿಯಾಚೆ.