ಚುನಾವಣೆ ಬಿಟ್ಟು ಮಿಕ್ಕಿದ್ದೆಲ್ಲ ರೆಡಿ

ಮೊನ್ನೆ ನಮ್ಮ ಬೀದಿಯ ಮೋರಿ ಚಪ್ಪಡಿ ಮುರಿದಿದೆ ಎಂದು ಹೇಳಲು ಹತ್ತಿರದ ಕಚೇರಿಗೆ ಹೋಗಿದ್ದೆ. ಮೇಜಿನ ಆಚೆ ಕೂತವರು ತಲೆ ಎತ್ತದೆ "ಯಾವ ವಾರ್ಡು?" ಎಂದರು. ನಂಬರ್ ಹೇಳಿದೆ. "ಅದು ಹಳೇದು." ಹಾಗಾದರೆ ಹೊಸದು ಯಾವುದು ಸಾರ್ ಎಂದೆ. "ಹೊಸದರಲ್ಲಿ ಯಾವ ಹೊಸದು ಬೇಕು ನಿಮಗೆ?" ಎಂದು ನನ್ನನ್ನೇ ಕೇಳಿದರು.

ಪಾಪ, ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. 2010ರಲ್ಲಿ, 2015ರಲ್ಲಿ ನಾವು ಓಟು ಹಾಕಿದಾಗ ಬೆಂಗಳೂರಿಗೆ 198 ವಾರ್ಡ್. 2020ರಲ್ಲಿ ಬಿಬಿಎಂಪಿಗೇ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೇ ಅಂತ ಒಂದು ಕಾಯ್ದೆ ಬಂತು, 243 ಆಯಿತು. ಸರ್ಕಾರ ಬದಲಾಯಿತು, 2023ರಲ್ಲಿ 225 ಆಯಿತು. ಆಮೇಲೆ ಗ್ರೇಟರ್ ಬೆಂಗಳೂರು ಕಾಯ್ದೆ ಬಂತು. ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆಯಿತು, ಈಗ ಒಟ್ಟು 369. 243, 225, 369 ಮೂರಕ್ಕೂ ಹಿಡಿದ ಜನಸಂಖ್ಯೆ ಒಂದೇ, 2011ರ ಜನಗಣತಿಯದು. ಒಂದೇ ಹಲಸಿನಹಣ್ಣನ್ನು ಮೂರು ಸಲ ಕೊಯ್ದು, ಮೂರು ಸಲವೂ ಬೇರೆ ಬೇರೆ ತೊಳೆ ಎಣಿಸಿದ್ದಾರೆ. ತಿನ್ನೋಕೆ ಮಾತ್ರ ಯಾರಿಗೂ ಒಂದು ತೊಳೆ ಸಿಕ್ಕಿಲ್ಲ.

ಯಾಕೆಂದರೆ ಇಷ್ಟೆಲ್ಲ ಕೊಯ್ದಾಟದ ನಡುವೆ ಚುನಾವಣೆ ಅನ್ನೋದು ನಡೆಯಲೇ ಇಲ್ಲ. ಕೊನೆಯ ಪಾಲಿಕೆ ಚುನಾವಣೆ 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2025 ಮುಗಿಯುವ ಹೊತ್ತಿಗೂ ಹೊಸಬರು ಬಂದಿರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆಯ್ಕೆಯಾದ ಪಾಲಿಕೆಗೆ ಐದು ವರ್ಷ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ, ಆ ಐದು ವರ್ಷ ಮುಗಿಯುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ಮೊದಲರ್ಧವನ್ನು ನಾವು ಶ್ರದ್ಧೆಯಿಂದ ಪಾಲಿಸಿದ್ದೇವೆ. ಐದು ವರ್ಷಕ್ಕೆ ಸರಿಯಾಗಿ ಕಾರ್ಪೊರೇಟರ್‌ಗಳನ್ನು ಮನೆಗೆ ಕಳಿಸಿದೆವು. ಅವರ ಕುರ್ಚಿಗೆ ಬಂದ ಆಡಳಿತಾಧಿಕಾರಿಗೆ ಅವಧಿ ಇಷ್ಟೇ ಎಂದು ಯಾರೂ ಹೇಳಿರಲಿಲ್ಲವಲ್ಲ, ಆ ಹುದ್ದೆ ಒಂದೂ ಓಟಿಲ್ಲದೆ ಐದು ವರ್ಷದ ಪೂರ್ಣಾವಧಿ ಮುಗಿಸಿತು. ಭಿನ್ನಮತ ಇಲ್ಲ, ರೆಸಾರ್ಟ್ ಇಲ್ಲ, ಮೇಯರ್ ಚುನಾವಣೆ ದಿನದ ಕೂಗಾಟವೂ ಇಲ್ಲ. ಇಷ್ಟು ಸ್ಥಿರ ಸರ್ಕಾರ ವಿಧಾನಸೌಧದಲ್ಲೂ ಅಪರೂಪ.

ಇದೇನು ಮೊದಲ ಸಲವೂ ಅಲ್ಲ. 2006ರ ಕೊನೆಗೆ ಹಿಂದಿನ ಮಹಾನಗರ ಪಾಲಿಕೆಯ ಅವಧಿ ಮುಗಿದಾಗ, ಸುತ್ತಲಿನ ಪುರಸಭೆ, ಹಳ್ಳಿಗಳನ್ನೆಲ್ಲ ಸೇರಿಸಿ ದೊಡ್ಡದು ಮಾಡ್ತೀವಿ, ಆಮೇಲೆ ಚುನಾವಣೆ ಎಂದರು. ಚುನಾವಣೆ ಬಂದದ್ದು 2010ಕ್ಕೆ. ಆಗ ದೊಡ್ಡದು ಮಾಡೋಕೆ ಕಾಯಬೇಕಿತ್ತು, ಈಗ ಚಿಕ್ಕದು ಮಾಡೋಕೆ ಕಾಯಬೇಕಾಯಿತು.

ಯಾಕೆ ಆಗಲಿಲ್ಲ ಎಂದು ಕೇಳಿ ನೋಡಿ, ಉತ್ತರ ಗಟ್ಟಿಯಾಗಿಯೇ ಇರುತ್ತದೆ. ಕ್ಷೇತ್ರ ಪುನರ್ವಿಂಗಡಣೆ ಆಗದೆ ಮೀಸಲಾತಿ ನಿಗದಿ ಮಾಡೋಕೆ ಆಗಲ್ಲ. ಮೀಸಲಾತಿ ಪಟ್ಟಿ ಬಂದರೆ ಅದು ಸರಿ ಇಲ್ಲ ಅಂತ ಕೋರ್ಟಿಗೆ ಹೋಗ್ತಾರೆ. ಕೋರ್ಟು ಪಟ್ಟಿ ಬೇರೆ ಮಾಡಿ ಅನ್ನುತ್ತದೆ. ಅಷ್ಟರಲ್ಲಿ ಸರ್ಕಾರಕ್ಕೆ ವಾರ್ಡುಗಳ ಸಂಖ್ಯೆಯೇ ಸರಿ ಇಲ್ಲ ಅನ್ನಿಸಿ ಕಾನೂನಿಗೆ ತಿದ್ದುಪಡಿ ತರುತ್ತದೆ. ತಿದ್ದುಪಡಿ ಬಂತಲ್ಲ, ಮತ್ತೆ ಪುನರ್ವಿಂಗಡಣೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೇಜಾರಾಗಿ, 243 ಗಿನ್ನೂರ ನಲವತ್ಮೂರು ಏನೂ ಬೇಡ, ಇರೋ 198ಕ್ಕೇ ಚುನಾವಣೆ ಮಾಡಿ ಮುಗಿಸಿ ಎಂಬ ಅರ್ಥದ ತೀರ್ಪು ಕೊಟ್ಟಿತು. ನಮ್ಮವರು ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಮೋರಿ ರಿಪೇರಿಗೆ ಇಲ್ಲದ ವೇಗ ಆ ಒಂದು ಫೈಲಿಗೆ ಇತ್ತು.

ಆಗ ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ. ಬೇರೆ ಯಾವುದರಲ್ಲೂ ಒಮ್ಮತ ಇಲ್ಲದ ಈ ಎರಡು ಪಕ್ಷಗಳಿಗೆ ಇದೊಂದರಲ್ಲಿ ಎಂಥ ಹೊಂದಾಣಿಕೆ ನೋಡಿ. ವಿರೋಧ ಪಕ್ಷದಲ್ಲಿ ಕೂತಾಗ "ಚುನಾವಣೆ ಯಾವಾಗ?", ಅಧಿಕಾರಕ್ಕೆ ಬಂದ ಮೇಲೆ "ಸದ್ಯದಲ್ಲೇ". ಡೈಲಾಗು ಅವೇ, ಹೇಳುವವರು ಮಾತ್ರ ಜಾಗ ಬದಲಾಯಿಸ್ತಾರೆ.

ಬೆಂಗಳೂರಿನವರು ನಮ್ಮದೇ ಗೋಳು ಅಂದುಕೊಂಡು ಅಳಬೇಕಿಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗದವರು ಎಡವಟ್ಟು ಮಾಡಿಕೊಂಡರು, ಸೀರಿಯಸ್ಸಾಗಿ ಕೆಲಸ ಮಾಡಿಬಿಟ್ಟರು. ಕ್ಷೇತ್ರ ವಿಂಗಡಿಸಿದರು, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಗೆ ಬಿಟ್ಟರು. ಇನ್ನೇನು ಚುನಾವಣೆ ಆಗಿಯೇ ಹೋಗುತ್ತದೆ ಅನ್ನುವಷ್ಟರಲ್ಲಿ ವಿಧಾನಮಂಡಲ ಎಚ್ಚೆತ್ತುಕೊಂಡಿತು. ಕಾನೂನಿಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಿಸುವ ಅಧಿಕಾರವನ್ನೇ ಆಯೋಗದಿಂದ ಕಿತ್ತುಕೊಂಡು, ಅದಕ್ಕೇ ಅಂತ ಇನ್ನೊಂದು ಆಯೋಗ ಮಾಡಿತು. ಊಟ ಬಡಿಸೋಕೆ ಅಡುಗೆಭಟ್ಟರು ಎದ್ದು ನಿಂತಾಗ "ತಾಳಿ ಭಟ್ಟರೇ, ಎಲೆ ಎಷ್ಟಗಲ ಇರಬೇಕು ಅಂತ ನೋಡೋಕೆ ಸಮಿತಿ ಮಾಡ್ತೀವಿ" ಅಂದ ಹಾಗೆ.

2022ರ ಡಿಸೆಂಬರ್‌ನಲ್ಲಿ ಈ ವಿಳಂಬಕ್ಕೆ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 5 ಲಕ್ಷ! ಇಡೀ ರಾಜ್ಯದ ಜಿಲ್ಲೆ, ತಾಲ್ಲೂಕುಗಳ ಚುನಾವಣೆಯನ್ನು ವರ್ಷಗಟ್ಟಲೆ ತಳ್ಳಿದ್ದಕ್ಕೆ. ಒಂದು ಸಾಧಾರಣ ಛತ್ರದಲ್ಲಿ ಮದುವೆ ಮಾಡಿದರೂ ಇದಕ್ಕಿಂತ ಜಾಸ್ತಿ ಬಿಲ್ಲಾಗುತ್ತದೆ. ಅದೂ ಯಾರ ಜೇಬಿನಿಂದ ಹೋಗುತ್ತದೆ? ನಿಮ್ಮದು, ನಂದು. ಅಂದರೆ ನಮಗೆ ಓಟು ಹಾಕೋಕೆ ಬಿಡದೇ ಇದ್ದದ್ದಕ್ಕೆ ನಾವೇ ದಂಡ ಕಟ್ಟಿದ್ದೇವೆ.

ಇದೆಲ್ಲದರ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ಸಭೆ ಕೂತು ಒಂದು ದೊಡ್ಡ ನಿರ್ಧಾರ ಮಾಡಿತು. ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಯಂತ್ರ ಬೇಡ, ಮತಪತ್ರ ಬಳಸಿ ಎಂದು ಚುನಾವಣಾ ಆಯೋಗಕ್ಕೆ ಶಿಫಾರಸು. ಇವಿಎಂ ಮೇಲೆ ಜನರಿಗೆ ನಂಬಿಕೆ ಹೋಗಿದೆಯಂತೆ. ಹೌದಾ ಅಂತ ಎಲ್ಲರೂ ಎದ್ದು ಕೂತರು. ಅದೇ ಯಂತ್ರದಲ್ಲಿ 2023ರಲ್ಲಿ ಕಾಂಗ್ರೆಸ್ಸಿಗೆ 135 ಸೀಟು ಬಂದಾಗ ನಂಬಿಕೆ ಎಲ್ಲೂ ಹೋಗಿರಲಿಲ್ಲ, ಇಲ್ಲೇ ಇತ್ತು, ಪಟಾಕಿ ಹೊಡೆಯುತ್ತಿತ್ತು. ಇನ್ನು ಮತಪತ್ರ ಅಂದರೆ ಎತ್ತಿನಗಾಡಿ ಕಾಲಕ್ಕೆ ಹೋದಂತೆ ಎಂದು ಈ ಕಡೆಯಿಂದ ಕೂಗಿದ ಬಿಜೆಪಿಯವರಿಗೆ ತಮ್ಮದೇ ಪಕ್ಷದ ಅಡ್ವಾಣಿಯವರು 2009ರಲ್ಲಿ ಸೋತ ಮೇಲೆ ಮತಪತ್ರವೇ ವಾಪಸ್ ಬರಲಿ ಅಂದದ್ದು ನೆನಪಿಲ್ಲ. ಯಂತ್ರ ಕೆಡೋದು ಸೋತವರ ಮನೆಯಲ್ಲಿ ಮಾತ್ರ, ಇದು ಹಳೇ ಕಥೆ.

ಮತಪತ್ರ ಅಂದರೆ ನಮ್ಮ ಹಳ್ಳಿಯವರಿಗೇನೂ ಹೊಸದಲ್ಲ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಜಿಲ್ಲೆ ಬಿಟ್ಟು ಮಿಕ್ಕ ಕಡೆಯೆಲ್ಲ ಮತಪತ್ರವೇ. ಮುದ್ರೆ ಒತ್ತಿ, ಶಾಯಿ ಆರುವ ಮುಂಚೆ ಅಡ್ಡಾದಿಡ್ಡಿ ಮಡಚಿದರೆ ಗುರುತು ಪಕ್ಕದ ಅಭ್ಯರ್ಥಿಗೂ ಹತ್ತುತ್ತದೆ. ಆಮೇಲೆ ಎಣಿಕೆ ಟೇಬಲ್ಲಿನಲ್ಲಿ ಎರಡೂ ಕಡೆಯ ಏಜೆಂಟರು ಆ ಚೀಟಿಯನ್ನು ಲೈಟಿಗೆ ಹಿಡಿದು, ಯಾವುದು ಮುದ್ರೆ ಯಾವುದು ಅದರ ನೆರಳು ಎಂದು ಜಾತಕ ನೋಡಿದ ಹಾಗೆ ನೋಡ್ತಾರೆ. ನನಗೆ ಅದರ ಮೇಲೆ ಕೋಪವಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಪ್ರೀತಿಯೇ ಇದೆ. ಆದರೆ ನಡೆಯದ ಚುನಾವಣೆಯನ್ನು ಯಂತ್ರದಲ್ಲಿ ನಡೆಸಬಾರದೋ ಕಾಗದದಲ್ಲಿ ನಡೆಸಬಾರದೋ ಎಂದು ಟಿವಿಯಲ್ಲಿ ಇಷ್ಟು ಹೊತ್ತು ಜಗಳ ಆಡೋದು ಅಂದರೆ, ಹುಟ್ಟದ ಕೂಸಿಗೆ ಕುಲಾವಿ ಹೊಲಿದದ್ದಷ್ಟೇ ಅಲ್ಲ, ಅದರ ಬಣ್ಣಕ್ಕೂ ಕೈ ಕೈ ಮಿಲಾಯಿಸಿದಂತೆ. ತಮಾಷೆ ಎಂದರೆ ದೇಶಕ್ಕೆಲ್ಲ ಇವಿಎಂ ಮಾಡಿಕೊಡುವ ಎರಡು ಸಂಸ್ಥೆಗಳಲ್ಲಿ ಒಂದಾದ ಬಿಇಎಲ್ ಇರುವುದು ಬೆಂಗಳೂರಿನಲ್ಲೇ. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯದು, 1962ರಿಂದ ದೇಶದ ಚುನಾವಣೆಗೆಲ್ಲ ಅದೇ. ಯಂತ್ರ ನಮ್ಮದು, ಶಾಯಿ ನಮ್ಮದು, ಬೆರಳೂ ನಮ್ಮದೇ. ಚುನಾವಣೆ ಒಂದನ್ನು ಪಕ್ಕದ ರಾಜ್ಯದಿಂದ ಕೈಸಾಲ ತರಬೇಕಾಗಿದೆ.

ನನಗೆ ಇದರಲ್ಲಿ ನಿಜವಾಗಿ ಹೊಟ್ಟೆ ಉರಿಯುವುದು ನಮ್ಮ ಬೀದಿಯ ಅಣ್ಣನನ್ನು ನೋಡಿ. ಅಣ್ಣ ಟಿಕೆಟ್ ಆಕಾಂಕ್ಷಿ, 2020ರಿಂದ. ಮೊದಲ ಫ್ಲೆಕ್ಸ್‌ನಲ್ಲಿ ಕಪ್ಪು ಕೂದಲು, ಕೈ ಮುಗಿದ ಫೋಟೋ, "ನಿಮ್ಮ ಮನೆ ಮಗ". ಲಾಕ್‌ಡೌನ್‌ನಲ್ಲಿ ರೇಷನ್ ಕಿಟ್ ಹಂಚಿದ. 243ರ ಪಟ್ಟಿಯಲ್ಲಿ ವಾರ್ಡು ಮಹಿಳಾ ಮೀಸಲಾಯಿತು. ಅತ್ತಿಗೆಯ ಫೋಟೋ ದೊಡ್ಡದಾಗಿ ಬಂತು, ಅಣ್ಣ ಮೂಲೆಯಲ್ಲಿ ಅಂಚೆಚೀಟಿ ಗಾತ್ರಕ್ಕೆ ಇಳಿದ. ಅತ್ತಿಗೆ ಮೂರು ತಿಂಗಳು ಮನೆ ಮನೆಗೆ ಅರಿಶಿನ ಕುಂಕುಮ ಕೊಟ್ಟು ಬಂದರು. ಪಟ್ಟಿಯೇ ರದ್ದಾಯಿತು. 225 ಬಂದಾಗ ಪಕ್ಕದ ವಾರ್ಡಿನ ಆಕಾಂಕ್ಷಿಯೂ ಇದೇ ವಾರ್ಡಿಗೆ ಬಂದು ಬಿದ್ದ, ಇಬ್ಬರೂ ಪೈಪೋಟಿ ಮೇಲೆ ಗಣೇಶ ಕೂರಿಸಿದರು, ಆ ವರ್ಷ ನಮಗೆ ಎರಡೆರಡು ಸಲ ಪುಳಿಯೋಗರೆ. ಚುನಾವಣೆ ಘೋಷಣೆ ಆದರೆ ತಾನೇ ನೀತಿ ಸಂಹಿತೆ? ಘೋಷಣೆಯೇ ಇಲ್ಲ ಅಂದಮೇಲೆ ಕುಕ್ಕರ್ ಹಂಚಿದರೂ ಅದು ಬರೀ ಪ್ರೀತಿ. ಆ ಪ್ರೀತಿಗೆ ಅಣ್ಣ ಒಂದು ಸೈಟು ಮಾರಿದ್ದಾನೆ ಅನ್ನುತ್ತದೆ ಬೀದಿ.

ಈಗ 369. ಗೆರೆ ನಮ್ಮ ಮುಖ್ಯರಸ್ತೆಯ ಮಧ್ಯದಲ್ಲಿ ಹೋಗಿದೆ. ಅಣ್ಣನ ಮನೆ ಒಂದು ಪಾಲಿಕೆಯಲ್ಲಿ, ಅಣ್ಣ ಕುಕ್ಕರ್ ಕೊಟ್ಟ ಮನೆಗಳು ಇನ್ನೊಂದು ಪಾಲಿಕೆಯಲ್ಲಿ. ಬೆಳಿಗ್ಗೆ ಎದುರುಗಡೆ ಮನೆಗಳಲ್ಲಿ ಒಂದೊಂದೇ ಸೀಟಿ ಹೊಡೆಯುವಾಗ ಅಣ್ಣ ಗೇಟಿನ ಹತ್ತಿರ ಪೇಪರ್ ಹಿಡಿದು ನಿಂತಿರುತ್ತಾನೆ. ಮುಖ ನೋಡೋಕಾಗಲ್ಲ.

ನಿನ್ನೆ ಜೆರಾಕ್ಸ್ ಮಾಡಿಸೋಕೆ ಹೋದಾಗ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಸಿಕ್ಕ. ಮುಂದಿನ ಹಬ್ಬದ ಶುಭಾಶಯದ ಡಿಸೈನ್ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಹುಡುಗ ಅಣ್ಣನ ಕೂದಲಿಗೆ ಕಪ್ಪು ಬಣ್ಣ ತುಂಬುತ್ತಾ "ವಾರ್ಡ್ ನಂಬರ್ ಎಷ್ಟು ಹಾಕಲಿ ಅಣ್ಣಾ?" ಎಂದ.

"ಆ ಜಾಗ ಖಾಲಿ ಬಿಡಪ್ಪ" ಎಂದ ಅಣ್ಣ. "ಕಟ್ಟೋ ದಿನ ಬೆಳಿಗ್ಗೆ ಪೇಪರ್ ನೋಡ್ಕೊಂಡು ಮಾರ್ಕರ್‌ನಲ್ಲಿ ಬರೀತೀನಿ."