ಬೈಯೋದೂ ಅವರೇ, ಮಾರೋದೂ ಅವರೇ

ಮಕ್ಕಳ ಅನಿಮೇಷನ್ ಸಿನಿಮಾಗಳು ಕೊಳ್ಳುಬಾಕತನವನ್ನು ಬೈಯೋದು ನೋಡಿದರೆ ನಗು ಬರುತ್ತದೆ. ಕಸ ಎತ್ತುವ ಪುಟ್ಟ ರೋಬೋಟಿನ ಕಥೆ, 2008ರ ‘ವಾಲ್-ಈ’ಯಲ್ಲಿ ಒಂದೇ ಕಂಪನಿ ಸಿಕ್ಕಿದ್ದನ್ನೆಲ್ಲ ಮಾರಿ ಮಾರಿ ಭೂಮಿಯನ್ನು ಕಸದ ಗುಡ್ಡೆ ಮಾಡುತ್ತದೆ. ಜನ ತೇಲುವ ಕುರ್ಚಿಯಲ್ಲಿ ಕೂತು ಲೋಟದಲ್ಲೇ ಊಟ ಹೀರುತ್ತಾರೆ. ಸರಿ, ಒಪ್ಪಿದೆ. ಆದರೆ ಅದೇ ರೋಬೋಟಿನ ಪ್ಲಾಸ್ಟಿಕ್ ಗೊಂಬೆಗಳೂ ಅಂಗಡಿಗೆ ಬಂದವಲ್ಲ! 2012ರ ‘ದ ಲೊರಾಕ್ಸ್’ ಇನ್ನೂ ಒಂದು ಕೈ ಮೇಲು. ಮರ ಉಳಿಸಿ ಅನ್ನುವ ಸಿನಿಮಾ, ಅಮೆರಿಕದಲ್ಲಿ ಮಜ್ದಾ ಕಾರಿನ ಜಾಹೀರಾತಿಗೆ ನಿಂತಿತು.

ಬೆಂಗಳೂರಲ್ಲಿ ಇಂಥದ್ದನ್ನು ನೋಡೋಕೂ ಮಾಲ್‌ಗೇ ಹೋಗಬೇಕು. ಕೆಂಪೇಗೌಡ ರಸ್ತೆಯ ಹಳೇ ಥಿಯೇಟರುಗಳು ಎಷ್ಟೋ ಮುಚ್ಚಿಹೋದವು. ಮಾಲ್‌ನಲ್ಲಿ ಮನೆಯ ಚಕ್ಕುಲಿಯನ್ನು ಬಾಗಿಲಲ್ಲೇ ತೆಗೆದಿಡಿಸಿದರು. ಒಳಗೆ ಪಾಪ್‌ಕಾರ್ನ್‌ಗೆ ಟಿಕೆಟ್ಟಿಗಿಂತ ಜಾಸ್ತಿ ದುಡ್ಡು! ಹೊರಗೆ ಬರುವ ದಾರಿಯಲ್ಲಿ ಆಟಿಕೆ ಅಂಗಡಿ ಬೇರೆ. ಮಗಳು ಕೈ ಹಿಡಿದು ಯಾವ ಕಡೆ ಎಳೆದಳು ಅಂತ ಬಿಡಿಸಿ ಹೇಳಬೇಕಾ?